ಎಂ.ಎಸ್ಸಿ. ಮಾಡಿ ಆರು ವರ್ಷ ಮನೆಯಲ್ಲಿದ್ದವಳಿಗೆ ಲ್ಯಾಬ್ ಕೆಲಸ ಸಿಗುತ್ತಾ?

ಪ್ರಶ್ನೆ: ನನ್ನ ತವರು ಸೇಡಂ ತಾಲ್ಲೂಕು. ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿ, ಹೈದರಾಬಾದಿನ ಔಷಧ ಕಂಪನಿಯೊಂದರ ಕ್ವಾಲಿಟಿ ಕಂಟ್ರೋಲ್ ಲ್ಯಾಬಿನಲ್ಲಿ ಎರಡು ವರ್ಷ ಇದ್ದೆ. ಮದುವೆಯಾಗಿ ಯಾದಗಿರಿಗೆ ಬಂದೆ. ಮಗನಿಗೆ ಈಗ ಐದು ವರ್ಷ, ನನಗೆ 32. ಆರು ವರ್ಷದಿಂದ ಮನೆಯಲ್ಲೇ ಇದ್ದೇನೆ. ಕಡೇಚೂರು ಕಡೆ ಔಷಧ, ಕೆಮಿಕಲ್ ಕಂಪನಿಗಳು ಬಂದಿವೆ ಎಂದು ಕೇಳಿ ಮತ್ತೆ ಆಸೆ ಹುಟ್ಟಿದೆ. ಅತ್ತೆಯವರು "ಬಿ.ಎಡ್. ಮಾಡ್ಕೊ, ಸಾಲಿ ನೌಕರಿ ಹೆಣ್ಮಕ್ಕಳಿಗೆ ಚಲೋ" ಅಂತಾರೆ. ಮನೆಯವರು "ನಿನ್ನ ಇಷ್ಟ" ಅಂತಾರೆ, ಅವರ ಸಪೋರ್ಟ್ ಇದೆ. ಇಷ್ಟು ವರ್ಷ ಬಿಟ್ಟವಳಿಗೆ ಲ್ಯಾಬ್ ಕೆಲಸ ಕೊಡ್ತಾರಾ? ಪಿಎಚ್.ಡಿ. ಆಸೆಯೂ ಇದೆ. ಯಾವುದು ಹಿಡೀಲಿ?

ಉತ್ತರ: ಕೊಡ್ತಾರೆ. ಆ ಭಯವನ್ನು ಮೊದಲೇ ಪಕ್ಕಕ್ಕಿಡಿ. ನಾನು ಔಷಧ ಲ್ಯಾಬುಗಳಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಕೆಮಿಸ್ಟರನ್ನು ಆರಿಸುವ ಕುರ್ಚಿಯಲ್ಲೂ ಕೂತಿದ್ದೇನೆ. "ಏನೂ ನೆನಪಿಲ್ಲ ಮೇಡಂ" ಎಂದು ಕೈಚೆಲ್ಲಿದವರನ್ನು ತಗೊಳ್ಳುವುದು ಕಷ್ಟ. "ಮಗು ಚಿಕ್ಕದಿತ್ತು, ಮನೆಯಲ್ಲಿದ್ದೆ. ಈಗ ಮೂರು ತಿಂಗಳಿಂದ ಮತ್ತೆ ಓದಿ ಕೈ ಪಳಗಿಸಿಕೊಳ್ಳುತ್ತಿದ್ದೇನೆ" ಎಂದು ನೇರವಾಗಿ ಹೇಳಿದವರಿಗೆ ಕೆಲಸ ಸಿಕ್ಕಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಬೇರೆ. "ಮನೆಯವರು 'ನಿನ್ನ ಇಷ್ಟ' ಅಂತಾರೆ, ಸಪೋರ್ಟ್ ಇದೆ" ಎಂದು ಬರೆದಿದ್ದೀರಿ. ನಿಮ್ಮ ಯಜಮಾನರು ಒಳ್ಳೆಯವರೇ ಇರಬೇಕು, ಬೇಡ ಅನ್ನುತ್ತಿಲ್ಲ. ಆದರೂ ಅದು ಬರೀ ಒಪ್ಪಿಗೆ. ನಾಳೆ ಕೆಲಸ ಸಿಕ್ಕಿತು ಅಂದುಕೊಳ್ಳಿ. ಮಗನನ್ನು ಶಾಲೆಯಿಂದ ಕರೆತರುವವರು ಯಾರು? ಅವನಿಗೆ ಜ್ವರ ಬಂದ ದಿನ ರಜೆ ಹಾಕುವವರು ಯಾರು? ನೀವು ಬೆಳಿಗ್ಗೆ ಏಳಕ್ಕೆ ಬಸ್ ಹತ್ತಬೇಕಾದರೆ ಒಲೆಯ ಮುಂದೆ ಯಾರಿರುತ್ತಾರೆ? ಇವಕ್ಕೆ ಉತ್ತರವಿಲ್ಲದೆ ಕೆಲಸಕ್ಕೆ ಸೇರಿದ ಹೆಣ್ಣುಮಕ್ಕಳು ಎಷ್ಟು ಜಾಣರಿದ್ದರೂ ಆರು ತಿಂಗಳಲ್ಲಿ ಸೋತು ಹೋಗುತ್ತಾರೆ. ಆಮೇಲೆ ಊರವರು "ಆಕೀಗೆ ನೌಕರಿ ಮಾಡೋ ಮನಸ್ಸೇ ಇರಲಿಲ್ಲ" ಎಂದು ಮಾತಾಡುತ್ತಾರೆ. ಇದು ನನಗೆ ತುಂಬಾ ನೋವು ಕೊಡುವ ವಿಷಯ.

ನಮ್ಮ ದೇಶದಲ್ಲಿ ವಿಜ್ಞಾನ, ತಂತ್ರಜ್ಞಾನ ಓದುವವರಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಹೆಣ್ಣುಮಕ್ಕಳೇ ಇದ್ದಾರೆ. ಸಂಶೋಧಕರನ್ನು ಎಣಿಸಿದರೆ ನೂರಕ್ಕೆ 20 ಕೂಡ ಮುಟ್ಟುವುದಿಲ್ಲ. ಓದಿನಲ್ಲಿ ಹಿಂದೆ ಬಿದ್ದು ಹೀಗಾಗಿದ್ದಲ್ಲ. ಓದು ಮುಗಿದು ಕೆಲಸ ಕುದುರುವ ಹೊತ್ತಿಗೆ ಮದುವೆ, ಬಾಣಂತನ, ಊರು ಬದಲು ಎಲ್ಲವೂ ಒಟ್ಟಿಗೆ ಬರುತ್ತವೆ. ಆ ಹೊತ್ತಿನಲ್ಲಿ ಹೊಗಳಿಕೆ, ಸನ್ಮಾನ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಬೇಕಾಗುವುದು ಮಗು ನೋಡಿಕೊಳ್ಳುವ ಒಂದು ಕೈ ಮತ್ತು ಹೊತ್ತಿಗೆ ಸರಿಯಾಗಿ ಬರುವ ಒಂದು ಗಾಡಿ.

ಎ. ಲಲಿತಾ ಅವರ ಹೆಸರು ಕೇಳಿದ್ದೀರಾ? ದೇಶದ ಮೊದಲ ಮಹಿಳಾ ಎಲೆಕ್ಟ್ರಿಕಲ್ ಎಂಜಿನಿಯರ್. ಹದಿನೆಂಟರ ವಯಸ್ಸಿಗೆ ಗಂಡನನ್ನು ಕಳೆದುಕೊಂಡಾಗ ಅವರ ಮಗಳಿಗೆ ನಾಲ್ಕು ತಿಂಗಳು. 1943ರಲ್ಲಿ ಮದ್ರಾಸಿನ ಗಿಂಡಿ ಕಾಲೇಜಿನಲ್ಲಿ ಓದು ಮುಗಿಸಿದರು. ಮುಂದೆ ಭಾಕ್ರಾ ನಂಗಲ್ ಯೋಜನೆಯ ವಿದ್ಯುತ್ ಮಾರ್ಗಗಳಿಗೆ ವಿನ್ಯಾಸ ಮಾಡಿದರು. ಅವರ ಜಾಣತನ ದೊಡ್ಡದೇ. ಅದರ ಜೊತೆಗೆ, ಅದೇ ಕಾಲೇಜಿನಲ್ಲಿ ಪ್ರೊಫೆಸರ್ ಆಗಿದ್ದ ಅಪ್ಪ ತಾವೇ ಹೋಗಿ ಪ್ರಿನ್ಸಿಪಾಲರ ಹತ್ತಿರ ಸೀಟು ಕೇಳಿದರು. ಮಗುವನ್ನು ನೋಡಿಕೊಳ್ಳಲು ಮನೆಯವರು ನಿಂತರು. ಬೆಂಬಲ ಅಂದಾಗ ನನ್ನ ಮನಸ್ಸಿಗೆ ಬರುವುದು ಇಂಥದ್ದೇ.

ಆದ್ದರಿಂದ ಅರ್ಜಿ ಹಾಕುವ ಮೊದಲು ಒಂದು ಸಂಜೆ ಮನೆಯವರು, ಅತ್ತೆ, ನೀವು ಮೂವರೂ ಕೂತುಕೊಳ್ಳಿ. "ನನಗೆ ಸಹಾಯ ಮಾಡಿ" ಎಂದು ಕೇಳಬೇಡಿ, ಅದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ. "ಸಂಜೆ ಆರರಿಂದ ಎಂಟರವರೆಗೆ ಮಗ ನಿಮ್ಮ ಜವಾಬ್ದಾರಿ" ಎಂದು ಗಂಟೆ ಹಿಡಿದು ಕೇಳಿ. ಜ್ವರ ಬಂದರೆ ಮೊದಲ ರಜೆ ಅವರದ್ದು, ಎರಡನೆಯದು ನಿಮ್ಮದು ಎಂದು ಈಗಲೇ ಮಾತಾಡಿಕೊಳ್ಳಿ. ರೊಟ್ಟಿಯ ಲೆಕ್ಕವನ್ನೂ ಹಾಕಿ. ನಮ್ಮ ಭಾಗದ ಮನೆಗಳಲ್ಲಿ ಹಿಟ್ಟು ನಾದಿ, ಬಡಿದು, ಬೇಯಿಸುವಷ್ಟರಲ್ಲಿ ಬೆಳಗಿನ ಒಂದು ಗಂಟೆ ಹೋಗಿಬಿಡುತ್ತದೆ, ಅಲ್ವಾ? ವಾರದಲ್ಲಿ ನಾಲ್ಕು ದಿನ ಖಡಕ್ ರೊಟ್ಟಿ ಕೊಂಡು ತಂದರೆ ಯಾರ ಮಾನವೂ ಹೋಗುವುದಿಲ್ಲ. ಅದನ್ನು ಬಡಿದು ಮಾರುವವರೂ ದುಡಿಯುವ ಹೆಣ್ಣುಮಕ್ಕಳೇ. ಆ ಒಂದು ಗಂಟೆ ನಿಮ್ಮ ಓದಿಗೆ ಬೇಕು.

ಈಗ ಲ್ಯಾಬಿನ ವಿಷಯ. ನೀವು ಬಿಟ್ಟ ಮೇಲೆ ಏನೇನು ಬದಲಾಗಿದೆ ಎಂದು ತಿಳಿಯುವುದು ಮೊದಲ ಕೆಲಸ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಔಷಧ ತಯಾರಿಕೆಯ ಶೆಡ್ಯೂಲ್ ಎಂ ನಿಯಮಗಳನ್ನು ಪರಿಷ್ಕರಿಸಿತು. ಗುಣಮಟ್ಟದ ವ್ಯವಸ್ಥೆ, ದಾಖಲೆ, ಅಪಾಯದ ಅಂದಾಜು ಎಲ್ಲವೂ ಬಿಗಿಯಾಗಿವೆ. ಸಣ್ಣ ಕಂಪನಿಗಳಿಗೂ ಇದು ತಪ್ಪಿದ್ದಲ್ಲ. ದಾಖಲೆ ಸರಿಯಾಗಿ ಇಡಬಲ್ಲ ಕೆಮಿಸ್ಟರು ಅವರಿಗೆ ಬೇಕೇ ಬೇಕು. ಆ ನಿಯಮಗಳನ್ನು ಕೂತು ಓದಿ. ಸಂದರ್ಶನದಲ್ಲಿ ಅದರ ಬಗ್ಗೆ ನಾಲ್ಕು ಮಾತು ಸರಿಯಾಗಿ ಹೇಳಿದರೆ ನಿಮ್ಮ ಆರು ವರ್ಷದ ಬಗ್ಗೆ ಯಾರೂ ಜಾಸ್ತಿ ಕೆದಕುವುದಿಲ್ಲ.

ಔಷಧದಲ್ಲಿ ಯಾವ ಪದಾರ್ಥ ಎಷ್ಟಿದೆ ಎಂದು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ನಿಮ್ಮ ಅನ್ನದ ಯಂತ್ರ. ಅದರ ಕ್ರಮ ಕೈಗೆ ಮತ್ತೆ ಬರಬೇಕು. ಬಫರ್ ಅಂದರೆ ಪಿಎಚ್ ಬದಲಾಗದಂತೆ ಹಿಡಿದಿಡುವ ಉಪ್ಪಿನ ದ್ರಾವಣ. ಅದರ ಪಿಎಚ್ ಸರಿ ಮಾಡಿ, 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಗಾಳಿ ತೆಗೆದು ಆಮೇಲೆ ಪಂಪಿಗೆ ಕೊಡಬೇಕು. ಪ್ರಮಾಣ ಮೊದಲೇ ಗೊತ್ತಿರುವ ಸ್ಟ್ಯಾಂಡರ್ಡನ್ನು ಐದಾರು ಸಲ ಇಂಜೆಕ್ಟ್ ಮಾಡಿ ಗ್ರಾಫಿನ ಪೀಕ್‌ಗಳು ಒಂದಕ್ಕೊಂದು ಹೊಂದುತ್ತವೆಯೇ ನೋಡಿದ ಮೇಲೆಯೇ ಸ್ಯಾಂಪಲ್. ಕೆಲಸ ಮುಗಿದ ಮೇಲೆ ಕಾಲಂ, ಅಂದರೆ ಪದಾರ್ಥಗಳು ಬೇರ್ಪಡುವ ಕೊಳವೆ, ತೊಳೆಯುವುದನ್ನು ಹೊಸಬರು ಹಗುರವಾಗಿ ತಗೊಳ್ಳುತ್ತಾರೆ. ಮೊದಲು ನೀರು ಜಾಸ್ತಿ ಇರುವ ದ್ರಾವಣ ಬಿಡಬೇಕು, ಆಮೇಲೆ ಮೆಥನಾಲ್ ಕಡೆ ಹೋಗಬೇಕು. ನೇರವಾಗಿ ಮೆಥನಾಲ್ ಬಿಟ್ಟರೆ ಬಫರಿನ ಉಪ್ಪು ಕಾಲಂ ಒಳಗೇ ಗಟ್ಟಿಯಾಗಿ ಕೂರುತ್ತದೆ, ಪ್ರೆಷರ್ ಏರುತ್ತದೆ, ಸಾವಿರಾರು ರೂಪಾಯಿಯ ಕಾಲಂ ಹಾಳು. ಸಂದರ್ಶನದಲ್ಲಿ ನಾನು ಬೇಕೆಂದೇ ಇದನ್ನು ಕೇಳುತ್ತಿದ್ದೆ. ಪುಸ್ತಕ ಮಾತ್ರ ಓದಿದವರು ಇಲ್ಲಿ ತಡವರಿಸುತ್ತಾರೆ. ನಿಜವಾಗಿ ಕೆಲಸ ಮಾಡಿದವರು ತಟ್ಟನೆ ಹೇಳುತ್ತಾರೆ.

ಇನ್ನೊಂದು ಪ್ರಶ್ನೆ ಖಂಡಿತ ಬರುತ್ತದೆ. "ಸ್ಯಾಂಪಲ್ ಫಲಿತಾಂಶ ಮಿತಿಯ ಹೊರಗೆ ಬಂತು. ಏನು ಮಾಡುತ್ತೀರಿ?" ಇನ್ನೊಂದು ಸಲ ಇಂಜೆಕ್ಟ್ ಮಾಡಿ ನೋಡುತ್ತೇನೆ ಅಂದರೆ ಮುಗಿಯಿತು, ಕೆಲಸ ಸಿಗುವುದಿಲ್ಲ. ದ್ರಾವಣ ಯಾವುದನ್ನೂ ಚೆಲ್ಲುವುದಿಲ್ಲ, ಫಲಿತಾಂಶ ಅಳಿಸುವುದಿಲ್ಲ, ತಕ್ಷಣ ಮೇಲಿನವರಿಗೆ ತಿಳಿಸುತ್ತೇನೆ, ತೂಕದಿಂದ ಹಿಡಿದು ಲೆಕ್ಕದವರೆಗೆ ಲ್ಯಾಬಿನ ತಪ್ಪು ಇದೆಯೇ ಎಂದು ಅವರ ಜೊತೆ ಪರಿಶೀಲಿಸುತ್ತೇನೆ ಎನ್ನಬೇಕು. ಬರೆದದ್ದು ತಪ್ಪಾದರೆ ಒಂದೇ ಗೆರೆ ಎಳೆದು, ಸಹಿ, ತಾರೀಕು ಹಾಕಿ ಪಕ್ಕದಲ್ಲಿ ಸರಿಯಾದದ್ದು ಬರೆಯಬೇಕು. ಈ ಶಿಸ್ತು ನಿಮಗೆ ಎರಡು ವರ್ಷದ ಕೆಲಸದಲ್ಲಿ ಬಂದಿರುತ್ತದೆ. ಮರೆತಂತೆ ಅನಿಸಬಹುದು, ಮರೆತಿರುವುದಿಲ್ಲ.

ಮೂರು ತಿಂಗಳು ಹೀಗೆ ಮಾಡಿ. ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಅನಾಲಿಟಿಕಲ್ ಕೆಮಿಸ್ಟ್ರಿ ಪಾಠಗಳು ಪುಕ್ಕಟೆ ಇವೆ. ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷೆಗೆ ಶುಲ್ಕ. ಆ ಪ್ರಮಾಣಪತ್ರ ತಗೊಳ್ಳಿ, ಬಯೋಡೇಟಾದಲ್ಲಿ ಈ ವರ್ಷದ ತಾರೀಕಿನ ಒಂದು ಸಾಲು ಬೀಳುತ್ತದೆ. ನೀವು ಓದಿದ ವಿಭಾಗಕ್ಕೆ ಹೋಗಿ ನಿಮ್ಮ ಗುರುಗಳನ್ನು ಭೇಟಿಯಾಗಿ. ಕೆಲವು ವಾರ ಉಪಕರಣಗಳ ಜೊತೆ ಕೆಲಸ ಮಾಡಲು ಬಿಡುವಿರಾ ಎಂದು ಲಿಖಿತವಾಗಿ ಕೇಳಿ. ಹಳೆಯ ವಿದ್ಯಾರ್ಥಿನಿ ಬಂದು ಕಲಿಯುತ್ತೇನೆ ಅಂದರೆ ಸಂತೋಷಪಡುವ ಮೇಷ್ಟ್ರುಗಳು ಇನ್ನೂ ಇದ್ದಾರೆ. ಹೈದರಾಬಾದಿನ ಹಳೆಯ ಸಹೋದ್ಯೋಗಿಗಳಿಗೂ ಫೋನ್ ಮಾಡಿ, ಸಂಕೋಚ ಬೇಡ. ಈ ಕ್ಷೇತ್ರದಲ್ಲಿ ಅರ್ಧ ಕೆಲಸಗಳು ಪರಿಚಯದವರ ಮಾತಿನಿಂದಲೇ ಆಗುತ್ತವೆ. ಬಯೋಡೇಟಾದಲ್ಲಿ ಬಿಡುವನ್ನು ಮುಚ್ಚಿಡಬೇಡಿ. ಯಾವ ವರ್ಷದಿಂದ ಯಾವ ವರ್ಷದವರೆಗೆ, ಮಗುವಿನ ಆರೈಕೆ ಎಂದು ಒಂದೇ ಸಾಲಿನಲ್ಲಿ ಬರೆಯಿರಿ. ಹಳೆಯ ಕಂಪನಿಯ ಅನುಭವ ಪತ್ರ ಇಲ್ಲದಿದ್ದರೆ ಇವತ್ತೇ ಬರೆದು ತರಿಸಿಕೊಳ್ಳಿ.

ಕಡೇಚೂರು ಒಂದನ್ನೇ ನಂಬಿ ಕೂರಬೇಡಿ. ನಮ್ಮ ಭಾಗದಲ್ಲಿ ಕೆಮಿಸ್ಟ್ರಿ ಓದಿದವರಿಗೆ ಜನ ಅಂದುಕೊಂಡಿದ್ದಕ್ಕಿಂತ ಹೆಚ್ಚು ಬಾಗಿಲುಗಳಿವೆ. ವಾಡಿ, ಮಳಖೇಡ, ಸೇಡಂನ ಸಿಮೆಂಟ್ ಕಾರ್ಖಾನೆಗಳಲ್ಲಿ ದೊಡ್ಡ ಲ್ಯಾಬುಗಳಿವೆ. ಸುಣ್ಣದ ಕಲ್ಲಿನಿಂದ ಹಿಡಿದು, ಅದನ್ನು ಸುಟ್ಟು ಮಾಡಿದ ಕ್ಲಿಂಕರ್‌ವರೆಗೆ ಹಗಲು ರಾತ್ರಿ ಪರೀಕ್ಷೆ ನಡೆಯುತ್ತಲೇ ಇರುತ್ತದೆ. ನಿಮ್ಮ ತವರು ಹತ್ತಿರ ಇರುವುದು ಇಲ್ಲಿ ಒಂದು ಅನುಕೂಲ. ಬೀದರ್, ಹುಮನಾಬಾದ್ ಕಡೆಯೂ ಔಷಧ, ಕೆಮಿಕಲ್ ಘಟಕಗಳಿವೆ, ಆದರೆ ಯಾದಗಿರಿಯಿಂದ ದಿನಾ ಓಡಾಡಲು ಆಗುವುದಿಲ್ಲ. ಸಕ್ಕರೆ ಕಾರ್ಖಾನೆಯ ಲ್ಯಾಬ್ ಕೆಲಸ ಹಂಗಾಮಿನದು, ಕಬ್ಬು ನುರಿಸುವ ತಿಂಗಳುಗಳಲ್ಲಿ ಮಾತ್ರ. ಮತ್ತೆ ಕೈ ಕೂಡಿಸಿಕೊಳ್ಳಲು ಅದೂ ಸಾಕು.

ನೀರಿನ ಲ್ಯಾಬುಗಳನ್ನು ಮರೆಯಬೇಡಿ. ಯಾದಗಿರಿ ಜಿಲ್ಲೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ತೊಂದರೆ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ನಮ್ಮ ದೇಶದ ಮಾನದಂಡ. ಜಲಜೀವನ್ ಮಿಷನ್ ಬಂದ ಮೇಲೆ ಜಿಲ್ಲೆಗಳಲ್ಲಿ ನೀರು ಪರೀಕ್ಷೆಯ ಕೆಲಸ ಬೆಳೆದಿದೆ. ಪ್ರತಿ ಹಳ್ಳಿಯಲ್ಲೂ ಐದು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದು ಆ ಯೋಜನೆಯಲ್ಲೇ ಇದೆ. ಆ ಐವರಿಗೆ ಹೇಳಿಕೊಡುವವರು ಬೇಕಲ್ಲ? ನಿಮ್ಮಂಥ ಒಬ್ಬ ಕೆಮಿಸ್ಟ್ ಇದ್ದರೆ ಸುತ್ತಲಿನ ಹಳ್ಳಿಗಳಿಗೆ ಎಷ್ಟು ಉಪಕಾರ. ಸಂಬಳ ಕಂಪನಿಯಷ್ಟು ಇರಲಿಕ್ಕಿಲ್ಲ. ಆದರೂ ಕೇಳಿ ನೋಡಿ.

ಸರ್ಕಾರಿ ಹುದ್ದೆಗಳಿಗೆ ಅರ್ಜಿ ಹಾಕುವಾಗ ನಮ್ಮ ಭಾಗಕ್ಕೆ ಮೀಸಲಾತಿ ಕೊಡುವ ಸಂವಿಧಾನದ 371 ಜೆ ವಿಧಿ ನಿಮ್ಮ ಜೊತೆಗಿದೆ. ಈ ಭಾಗದ ಸ್ಥಳೀಯ ವೃಂದದಲ್ಲಿ ಗ್ರೂಪ್ ಸಿ ಹುದ್ದೆಗಳ ನೂರಕ್ಕೆ 80ರಷ್ಟು ಕಲ್ಯಾಣ ಕರ್ನಾಟಕದವರಿಗೆ. ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಮಾಡಿಸಿ ಇಟ್ಟುಕೊಳ್ಳಿ. ಅಧಿಸೂಚನೆ ಬಂದ ಮೇಲೆ ಕಚೇರಿಗೆ ಓಡಿದರೆ ಕೊನೆಯ ದಿನ ಮುಗಿದಿರುತ್ತದೆ.

ಪಿಎಚ್.ಡಿ. ಬಗ್ಗೆ ಕೇಳಿದ್ದೀರಿ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಮತ್ತು ಗುಲ್ಬರ್ಗಾ ವಿಶ್ವವಿದ್ಯಾಲಯ ಎರಡರಲ್ಲೂ ಕೆಮಿಸ್ಟ್ರಿ ಸಂಶೋಧನೆ ನಡೆಯುತ್ತದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಲ್ಲಿ ವೈಸ್-ಕಿರಣ್ ಎಂಬ ಯೋಜನೆ ಇದೆ. ಅದರೊಳಗಿನ ವೈಸ್-ಪಿಎಚ್.ಡಿ. 27ರಿಂದ 45 ವಯಸ್ಸಿನ ಮಹಿಳೆಯರಿಗೇ ಮೀಸಲು, ವಿಜ್ಞಾನ ವಿಷಯಗಳಿಗೆ ಫೆಲೋಶಿಪ್ ಕೊಡುತ್ತದೆ. ನಿಮ್ಮ 32 ಅದರಲ್ಲಿ ಚಿಕ್ಕ ವಯಸ್ಸೇ. ಯುಜಿಸಿ ನಿಯಮದಲ್ಲೂ ಮಹಿಳೆಯರಿಗೆ ಪಿಎಚ್.ಡಿ. ಮುಗಿಸಲು ಎರಡು ವರ್ಷ ಹೆಚ್ಚುವರಿ ಅವಕಾಶ, ಜೊತೆಗೆ ಹೆರಿಗೆ ಅಥವಾ ಮಗುವಿನ ಆರೈಕೆಗೆ ಒಂದು ಸಲ 240 ದಿನಗಳವರೆಗೆ ರಜೆ ಇದೆ. ಬಹಳ ಜನ ವಿದ್ಯಾರ್ಥಿನಿಯರಿಗೆ ಇದು ಗೊತ್ತಿಲ್ಲ, ಗೊತ್ತಿಲ್ಲದೆ ಅರ್ಧಕ್ಕೆ ಬಿಡುತ್ತಾರೆ.

ಆದರೂ ನನ್ನ ಸಲಹೆ ಕೇಳಿದರೆ, ಮೊದಲು ಕೆಲಸ. ಒಂದೆರಡು ವರ್ಷ ಲ್ಯಾಬಿನಲ್ಲಿದ್ದು, ಕೈಯಲ್ಲಿ ದುಡ್ಡು, ಮನಸ್ಸಿನಲ್ಲಿ ಒಂದು ಸ್ಪಷ್ಟ ಸಂಶೋಧನಾ ಪ್ರಶ್ನೆ ಇಟ್ಟುಕೊಂಡು ಹೋದರೆ ಪಿಎಚ್.ಡಿ. ಗಟ್ಟಿಯಾಗುತ್ತದೆ. ಕೆಲಸ ಸಿಗಲಿಲ್ಲ ಎಂದು ಸೇರುವ ಪಿಎಚ್.ಡಿ. ನಾಲ್ಕೈದು ವರ್ಷ ಎಳೆದು ಸುಸ್ತು ಮಾಡುತ್ತದೆ. ಇದು ನನ್ನ ಅಭಿಪ್ರಾಯ. ಸಂಶೋಧನೆಯ ಆಸೆ ಎಷ್ಟು ಆಳದ್ದು ಎಂದು ನಿಮಗೇ ಗೊತ್ತು.

ಮನೆಯಿಂದ ಮಾಡಬಹುದಾದ ಒಂದು ದಾರಿಯನ್ನೂ ಹೇಳಲೇಬೇಕು. ಪೇಟೆಂಟ್ ಕೆಲಸ. ಹೊಸ ಔಷಧ, ಹೊಸ ವಿಧಾನ ನಿಜಕ್ಕೂ ಹೊಸದೇ ಎಂದು ಹಳೆಯ ದಾಖಲೆಗಳನ್ನು ಹುಡುಕಿ ನೋಡುವುದು, ಪೇಟೆಂಟ್ ಅರ್ಜಿ ಬರೆಯುವುದು ಇದರಲ್ಲಿ ಬರುತ್ತದೆ. ವೈಸ್-ಐಪಿಆರ್ ಎಂಬ ಯೋಜನೆಯಲ್ಲಿ ವಿಜ್ಞಾನ ಓದಿದ ಮಹಿಳೆಯರಿಗೆ ಒಂದು ವರ್ಷದ ತರಬೇತಿ ಇದೆ. ವಿಜ್ಞಾನ ಪದವಿ ಇದ್ದವರು ಪೇಟೆಂಟ್ ಏಜೆಂಟ್ ಪರೀಕ್ಷೆಯನ್ನೂ ಬರೆಯಬಹುದು. ಓದುವ, ಬರೆಯುವ ಚಟ ಇದ್ದರೆ ಇದು ನಿಮಗೆ ಒಗ್ಗಬಹುದು.

ಬಿ.ಎಡ್. ವಿಷಯದಲ್ಲಿ ಅತ್ತೆಯವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಅವರು ನೋಡುತ್ತಿರುವುದು ಹೊತ್ತನ್ನು. ಶಾಲೆಯ ಕೆಲಸ ಅಂದರೆ ಸಂಜೆ ಮನೆಗೆ ಬರುತ್ತೀರಿ, ಮಗನಿಗೆ ರಜೆ ಇದ್ದಾಗ ನಿಮಗೂ ರಜೆ. ಅವರ ಚಿಂತೆ ಸರಿಯಾದದ್ದೇ. ಆದರೆ ಬಿ.ಎಡ್.ಗೆ ಇನ್ನೂ ಎರಡು ವರ್ಷ, ಆಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ, ಆಮೇಲೆ ನೇಮಕಾತಿಗೆ ಕಾಯುವುದು. ಪಾಠ ಮಾಡುವ ಆಸೆ ನಿಜವಾಗಿ ಇದ್ದರೆ ಕಾಲೇಜು ಉಪನ್ಯಾಸಕರ ರಾಜ್ಯ ಅರ್ಹತಾ ಪರೀಕ್ಷೆ ಕೆ-ಸೆಟ್ ಬರೆಯಿರಿ. ಪದವಿ ಕಾಲೇಜಿಗೆ ಅರ್ಹತೆ ಬರುತ್ತದೆ, ವಯಸ್ಸಿನ ಮಿತಿಯೂ ಇಲ್ಲ. ಅತ್ತೆಯವರಿಗೆ ಲ್ಯಾಬಿನ ಹೊತ್ತು, ಗಾಡಿಯ ಹೊತ್ತು, ರಜೆಯ ಲೆಕ್ಕ ಬಿಡಿಸಿ ಹೇಳಿ. ಮೊಮ್ಮಗನ ಒಂದು ಹೊತ್ತನ್ನು ತಾವೇ ನೋಡಿಕೊಳ್ಳುತ್ತೇನೆ ಎಂದು ಅವರೇ ಹೇಳುವ ಸಾಧ್ಯತೆ ಇದೆ. ಕೇಳದೆ ಇದ್ದರೆ ಅದು ಗೊತ್ತಾಗುವುದಿಲ್ಲ.

ಸಂದರ್ಶನದಲ್ಲಿ ಒಂದು ಪ್ರಶ್ನೆ ನಿಮ್ಮನ್ನು ನೋಯಿಸಬಹುದು. "ಮಗು ಯಾರ ಹತ್ತಿರ ಇರುತ್ತೆ? ಇನ್ನೊಂದರ ಯೋಚನೆ ಇದೆಯಾ?" ಗಂಡಸರಿಗೆ ಯಾರೂ ಇದನ್ನು ಕೇಳುವುದಿಲ್ಲ. ಕೇಳುವುದು ತಪ್ಪು, ಆದರೂ ಕೇಳುತ್ತಾರೆ. ಸಿಟ್ಟು ಬೇಡ, ಕ್ಷಮೆ ಕೇಳುವ ದನಿಯೂ ಬೇಡ. "ಮನೆಯಲ್ಲಿ ವ್ಯವಸ್ಥೆ ಮಾಡಿಕೊಂಡಿದ್ದೇವೆ ಸರ್, ಕೆಲಸದ ಬಗ್ಗೆ ಕೇಳಿ" ಎಂದು ಸಮಾಧಾನವಾಗಿ ಹೇಳಿ ಮುಂದೆ ಹೋಗಿ. ಮುಂದೆ ಇನ್ನೊಂದು ಮಗು ಬೇಕೆನಿಸಿದರೆ ಅದಕ್ಕೂ ಕಾನೂನು ಇದೆ. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ 26 ವಾರ ಸಂಬಳದ ಹೆರಿಗೆ ರಜೆ ನಿಮ್ಮ ಹಕ್ಕು. 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ಕೂಸು ನೋಡಿಕೊಳ್ಳುವ ಕೋಣೆಯೂ ಇರಬೇಕು. ಗರ್ಭಿಣಿಯಾದಾಗ ದ್ರಾವಕಗಳ ಕೆಲಸದಿಂದ ದೂರ ಇಡಿ ಎಂದು ಬರವಣಿಗೆಯಲ್ಲೇ ಕೇಳಿ, ನಾಚಿಕೆ ಪಡಬೇಡಿ.

ಶಿಫ್ಟ್ ಬಗ್ಗೆ ಮೊದಲ ದಿನವೇ ಮಾತಾಡಿ. ಸಂಜೆ 7ರ ನಂತರ, ಬೆಳಿಗ್ಗೆ 6ರ ಒಳಗೆ ಮಹಿಳೆಯರಿಂದ ಕೆಲಸ ಮಾಡಿಸಬೇಕಾದರೆ ಅವರ ಒಪ್ಪಿಗೆ ಬೇಕು. ಸುರಕ್ಷತೆ, ಓಡಾಟದ ವ್ಯವಸ್ಥೆ ಕಂಪನಿಯ ಜವಾಬ್ದಾರಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ ಪ್ರಯಾಣ ನಿಮಗೆ ಪುಕ್ಕಟೆ, ಅದು ದೊಡ್ಡ ಅನುಕೂಲ. ಆದರೆ ರಾತ್ರಿ ಹತ್ತಕ್ಕೆ ಶಿಫ್ಟ್ ಮುಗಿದಾಗ ಕೈಗಾರಿಕಾ ಪ್ರದೇಶದ ರಸ್ತೆಗೆ ಬಸ್ ಬರುವುದಿಲ್ಲ. ಕಂಪನಿ ಗಾಡಿ ಮನೆ ಬಾಗಿಲಿಗೆ ಬಿಡುತ್ತದೆಯೋ, ಮುಖ್ಯ ರಸ್ತೆಯಲ್ಲಿ ಇಳಿಸಿ ಹೋಗುತ್ತದೆಯೋ ಎಂದು ಕೇಳಿಕೊಳ್ಳಿ.

ಇದನ್ನು ನಮ್ಮ ಭಾಗದ ಲ್ಯಾಬ್ ಮುಖ್ಯಸ್ಥರೂ ಓದುತ್ತಿರಬಹುದು. ಅವರಲ್ಲಿ ನನ್ನ ಕೇಳಿಕೆ ಇಷ್ಟೇ. ಮಹಿಳಾ ದಿನಕ್ಕೆ ಹೂ ಕೊಡುವುದು ಇರಲಿ. ಬಿಡುವು ತಗೊಂಡು ಬಂದವರಿಗೆ ಎರಡು ತಿಂಗಳ ಮರುತರಬೇತಿ, ಜನರಲ್ ಶಿಫ್ಟಿನಲ್ಲಿ ಕೆಲವು ಸ್ಥಾನ, ಚಿಲಕ ಇರುವ ಚೊಕ್ಕ ಶೌಚಾಲಯ, ಹೊತ್ತಿಗೆ ಬರುವ ಗಾಡಿ ಕೊಡಿ. ಒಮ್ಮೆ ಮಗು ಬೆಳೆಸಿ ಬಂದ ಕೆಮಿಸ್ಟ್ ನಿಮ್ಮ ಹತ್ತಿರ ವರ್ಷಗಟ್ಟಲೆ ನಿಲ್ಲುತ್ತಾಳೆ. ಆರು ತಿಂಗಳಿಗೊಮ್ಮೆ ಹೊಸ ಹುಡುಗರಿಗೆ ಕಲಿಸುವ ತೊಂದರೆ ತಪ್ಪುತ್ತದೆ.

ಕೆಲಸ ಸಿಕ್ಕಿದ ದಿನ ಖುಷಿಯಲ್ಲಿ ಸುಮ್ನೆ ಸಹಿ ಹಾಕಬೇಡಿ. ನೇಮಕ ಪತ್ರದಲ್ಲಿ ಹುದ್ದೆಯ ಹೆಸರು ಕೆಮಿಸ್ಟ್ ಅಂತ ಇದೆಯೇ, ಟ್ರೈನಿ ಅಂತ ಇದೆಯೇ ನೋಡಿ. ಟ್ರೈನಿ ಅಂತ ಇದ್ದರೆ ಎಷ್ಟು ತಿಂಗಳಿಗೆ ಎಂದು ಬರೆಸಿಕೊಳ್ಳಿ. ಗುತ್ತಿಗೆದಾರನ ಲೆಕ್ಕದಲ್ಲಿ ತಗೊಳ್ಳುತ್ತಿದ್ದಾರೋ, ಕಂಪನಿಯ ಲೆಕ್ಕದಲ್ಲೋ ಕೇಳಿ. ಪಿಎಫ್ ಇರಬೇಕು. ಸಂಬಳ ತಿಂಗಳಿಗೆ 21,000ದ ಒಳಗಿದ್ದರೆ ಇಎಸ್ಐ ವಿಮೆ ಸಿಗುತ್ತದೆ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಲೇಬೇಕು, ಅದರ ಸದಸ್ಯರ ಹೆಸರು ಗೋಡೆಯ ಮೇಲೆ ಇದೆಯೇ ನೋಡಿಕೊಳ್ಳಿ. ಒಂದೆರಡು ವರ್ಷ ಆದ ಮೇಲೆ, ಪರೀಕ್ಷೆ ಮಾಡುವ ಅನುಮೋದಿತ ಕೆಮಿಸ್ಟ್ ಎಂದು ನಿಮ್ಮ ಹೆಸರನ್ನು ಔಷಧ ನಿಯಂತ್ರಣ ಇಲಾಖೆಗೆ ಕಳಿಸಿ ಎಂದು ನೀವೇ ಬಾಯಿಬಿಟ್ಟು ಕೇಳಿ. ಆ ಅನುಮೋದನೆ ಇದ್ದವರಿಗೆ ಬೇರೆ ಕಂಪನಿಗಳಲ್ಲೂ ಬೆಲೆ ಇದೆ, ಸಂಬಳದ ಮಾತು ಬಂದಾಗಲೂ ಅದು ನಿಮ್ಮ ಕಡೆಗಿರುತ್ತದೆ. ಹುಡುಗರು ಅದನ್ನು ಸೇರಿದ ವರ್ಷವೇ ಕೇಳುತ್ತಾರೆ.